ಬಾಲಗಂಧರ್ವ: ಸಂಗೀತ ರಂಗಭೂಮಿಯಲ್ಲಿ ಅರ್ಧ ಶತಮಾನ

ಸಂಕ್ಷಿಪ್ತ ಪರಿಚಯ

ಪೂರ್ಣ ಹೆಸರು: ನಾರಾಯಣ ಶ್ರೀಪಾದ ರಾಜಹಂಸ
ಜನನ: 26 ಜೂನ್ 1888
ನಿಧನ: 15 ಜುಲೈ 1967, ಪುಣೆ
ಕ್ಷೇತ್ರ: ಮರಾಠಿ ಸಂಗೀತ ರಂಗಭೂಮಿ (ಗಾಯನ, ಅಭಿನಯ, ನಾಟಕ ಮಂಡಳಿಯ ನಿರ್ವಹಣೆ)
ಗುರು: ಪಂಡಿತ ಭಾಸ್ಕರಬುವಾ ಬಖಲೆ
ಮಂಡಳಿಗಳು: ಕಿರ್ಲೋಸ್ಕರ ನಾಟಕ ಮಂಡಳಿ (1905ರಿಂದ 1913), ಗಂಧರ್ವ ನಾಟಕ ಮಂಡಳಿ (1913ರಿಂದ)
ಪ್ರಮುಖ ಗೌರವಗಳು: ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ (1955), ಪದ್ಮಭೂಷಣ (1964)

ಪೀಠಿಕೆ

ಭಾರತೀಯ ವೃತ್ತಿ ರಂಗಭೂಮಿಯ ಇತಿಹಾಸದಲ್ಲಿ ಗಾಯನ ಮತ್ತು ಅಭಿನಯಗಳೆರಡರಲ್ಲಿಯೂ ಸಮಾನ ಸಿದ್ಧಿಯನ್ನು ಪಡೆದ ಕಲಾವಿದರ ಸಂಖ್ಯೆ ಬಹಳ ವಿರಳ. ಅಂತಹವರಲ್ಲಿ ಬಾಲಗಂಧರ್ವರೆಂದೇ ಪ್ರಖ್ಯಾತರಾದ ನಾರಾಯಣರಾವ್ ರಾಜಹಂಸರು ಅಗ್ರಗಣ್ಯರು. 1905ರಲ್ಲಿ ಹದಿನೇಳರ ಹರೆಯದಲ್ಲಿ ಶಕುಂತಲೆಯಾಗಿ ರಂಗವನ್ನೇರಿದ ಅವರು 1950ರ ದಶಕದ ಮಧ್ಯಭಾಗದವರೆಗೆ, ಅಂದರೆ ಹತ್ತಿರ ಹತ್ತಿರ ಐವತ್ತು ವರ್ಷಗಳ ಕಾಲ, ರಂಗಭೂಮಿಯ ನಂಟನ್ನು ಬಿಡಲಿಲ್ಲ. ಈ ಅವಧಿಯಲ್ಲಿ ಅವರು ಅಪಾರ ಕೀರ್ತಿಯನ್ನು ಕಂಡರು, ಅಷ್ಟೇ ದೊಡ್ಡ ಸಾಲವನ್ನೂ ಕಂಡರು. ಪ್ರೇಕ್ಷಕರನ್ನು ತಂದೆತಾಯಿಗಳಿಗೆ ಸಮಾನರೆಂದು ಭಾವಿಸಿ 'ಮಾಯ್‌ಬಾಪ್' ಎಂದೇ ಸಂಬೋಧಿಸುತ್ತಿದ್ದ ಈ ಕಲಾವಿದರ ರಂಗಜೀವನವು, ಪ್ರೇಕ್ಷಕನಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವುದಕ್ಕಾಗಿ ಒಬ್ಬ ನಟನು ತೆರಬೇಕಾದ ಬೆಲೆ ಎಷ್ಟೆಂಬುದಕ್ಕೆ ಒಂದು ನಿದರ್ಶನವಾಗಿದೆ.

ಸಂಗೀತ ನಾಟಕ ಪರಂಪರೆ ಮತ್ತು ಕರ್ನಾಟಕ

ಬಾಲಗಂಧರ್ವರು ಬೆಳೆದು ಬಂದ ಸಂಗೀತ ನಾಟಕ ಪರಂಪರೆಗೂ ಕರ್ನಾಟಕಕ್ಕೂ ನಿಕಟವಾದ ಸಂಬಂಧವಿದೆ. ಈ ಪರಂಪರೆಯ ಪ್ರವರ್ತಕರಾದ ಅಣ್ಣಾಸಾಹೇಬ ಕಿರ್ಲೋಸ್ಕರರು (1843–1885) ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅವರು ರಚಿಸಿದ 'ಸಂಗೀತ ಶಾಕುಂತಲ' ನಾಟಕವು 31 ಅಕ್ಟೋಬರ್ 1880ರಂದು ಪುಣೆಯಲ್ಲಿ ಪ್ರಯೋಗಗೊಂಡಿತು. ಅದುವರೆಗಿನ ಪೌರಾಣಿಕ ಆಟಗಳಲ್ಲಿ ಸೂತ್ರಧಾರನೊಬ್ಬನೇ ಹಾಡುಗಳನ್ನು ಹೇಳಿ ಕಥೆಯನ್ನು ನಡೆಸುವ ಪದ್ಧತಿಯಿತ್ತು. ಕಿರ್ಲೋಸ್ಕರರು ಆಯಾ ಪಾತ್ರಧಾರಿಗಳಿಂದಲೇ ಹಾಡುಗಳನ್ನು ಹಾಡಿಸಿದರು. ಇದರಿಂದಾಗಿ ಒಬ್ಬನೇ ವ್ಯಕ್ತಿಯಲ್ಲಿ ನಟನೂ ಗಾಯಕನೂ ಒಂದುಗೂಡಬೇಕಾದ ಅವಶ್ಯಕತೆ ಉಂಟಾಯಿತು.

ಮರಾಠಿ ನಾಟಕ ಮಂಡಳಿಗಳು ಬೆಳಗಾವಿ, ಧಾರವಾಡ, ಹುಬ್ಬಳ್ಳಿ ಮುಂತಾದ ಊರುಗಳಲ್ಲಿ ಕ್ಯಾಂಪು ಹಾಕಿ ತಿಂಗಳುಗಟ್ಟಲೆ ನಾಟಕಗಳನ್ನಾಡುತ್ತಿದ್ದವು. ಈ ಪ್ರಾಬಲ್ಯಕ್ಕೆ ಪ್ರತಿಯಾಗಿ ಕನ್ನಡ ನಾಟಕಗಳನ್ನು ರಚಿಸಿ ಆಡಿಸಬೇಕೆಂಬ ಛಲದಿಂದ ಶಾಂತಕವಿಗಳು ಗದುಗಿನಲ್ಲಿ ನಾಟಕ ಮಂಡಳಿಯನ್ನು ಕಟ್ಟಿದರು. ಹೀಗೆ ಉತ್ತರ ಕರ್ನಾಟಕದ ವೃತ್ತಿ ರಂಗಭೂಮಿಯು ಮರಾಠಿ ರಂಗಭೂಮಿಯಿಂದ ಕಲಿಯುತ್ತ, ಅದರೊಡನೆ ಸ್ಪರ್ಧಿಸುತ್ತ ಬೆಳೆಯಿತು. ಈ ಕಾರಣದಿಂದ ಬಾಲಗಂಧರ್ವರ ರಂಗಜೀವನವು ಕನ್ನಡ ರಂಗಾಸಕ್ತರಿಗೂ ಅಧ್ಯಯನಯೋಗ್ಯವಾದ ವಿಷಯವಾಗಿದೆ.

ಬಾಲ್ಯ ಮತ್ತು ರಂಗಪ್ರವೇಶ

ನಾರಾಯಣರಿಗೆ ಬಾಲ್ಯದಿಂದಲೇ ಇಂಪಾದ ಕಂಠವಿತ್ತು. ಬಾಲಕನ ಹಾಡುಗಾರಿಕೆಯನ್ನು ಕೇಳಿದ ಲೋಕಮಾನ್ಯ ಬಾಲಗಂಗಾಧರ ತಿಲಕರು ಮೆಚ್ಚುಗೆಯಿಂದ 'ಬಾಲಗಂಧರ್ವ' ಎಂದು ಕರೆದರೆಂಬುದು ಪ್ರಸಿದ್ಧವಾದ ಸಂಗತಿ. ಆ ಹೆಸರೇ ಮುಂದೆ ಅವರಿಗೆ ಶಾಶ್ವತವಾಯಿತು. ಕೊಲ್ಲಾಪುರದ ಶಾಹು ಮಹಾರಾಜರ ಆಶ್ರಯವೂ ಅವರಿಗೆ ದೊರೆಯಿತು.

ಕಿರ್ಲೋಸ್ಕರ ನಾಟಕ ಮಂಡಳಿಯಲ್ಲಿ ನಾಯಕಿಯ ಪಾತ್ರಗಳಿಂದ ಮನೆಮಾತಾಗಿದ್ದ ಭಾವುರಾವ್ ಕೊಲ್ಹಟಕರರು 1901ರಲ್ಲಿ ನಿಧನರಾದ ನಂತರ ಆ ಸ್ಥಾನವನ್ನು ಸಮರ್ಥವಾಗಿ ತುಂಬುವವರಿಲ್ಲದೆ ಮಂಡಳಿಯು ಕಷ್ಟಕ್ಕೆ ಸಿಲುಕಿತ್ತು. 1905ರಲ್ಲಿ ಮಂಡಳಿಯನ್ನು ಸೇರಿದ ಬಾಲಗಂಧರ್ವರು ಮಿರಜದಲ್ಲಿ 'ಶಾಕುಂತಲ' ನಾಟಕದ ಶಕುಂತಲೆಯಾಗಿ ಪ್ರಥಮ ಬಾರಿಗೆ ರಂಗದ ಮೇಲೆ ಕಾಣಿಸಿಕೊಂಡರು. 'ಸೌಭದ್ರ'ದ ಸುಭದ್ರೆ, 'ಮೃಚ್ಛಕಟಿಕ'ದ ವಸಂತಸೇನೆ ಮೊದಲಾದ ಪಾತ್ರಗಳು ಒಂದರ ಹಿಂದೊಂದರಂತೆ ಅವರ ಪಾಲಿಗೆ ಬಂದವು. ಕೆಲವೇ ವರ್ಷಗಳಲ್ಲಿ ಅವರು ಮಂಡಳಿಯ ಮುಖ್ಯ ಆಕರ್ಷಣೆಯಾದರು.

ಅಂದಿನ ಸಮಾಜದಲ್ಲಿ ಕುಲೀನ ಮನೆತನದ ಸ್ತ್ರೀಯರು ರಂಗಭೂಮಿಗೆ ಬರುವುದು ನಿಷಿದ್ಧವೆನಿಸಿತ್ತು. ಆದುದರಿಂದ ಸ್ತ್ರೀಪಾತ್ರಗಳನ್ನು ಪುರುಷರೇ ವಹಿಸುತ್ತಿದ್ದರು. ಕಂಠ, ರೂಪ, ನಡಿಗೆ ಈ ಮೂರೂ ಹೊಂದಿಕೊಂಡ ನಟನು ದೊರೆತರೆ ಮಂಡಳಿಯ ಭಾಗ್ಯವೇ ತೆರೆಯುತ್ತಿತ್ತು.

'ಮಾನಾಪಮಾನ'ದ ಪ್ರಥಮ ಪ್ರಯೋಗ

ಕೃಷ್ಣಾಜಿ ಪ್ರಭಾಕರ ಖಾಡಿಲಕರರು ರಚಿಸಿದ 'ಮಾನಾಪಮಾನ' ನಾಟಕವು 12 ಮಾರ್ಚ್ 1911ರಂದು ಮುಂಬಯಿಯಲ್ಲಿ ಪ್ರಥಮ ಬಾರಿಗೆ ಪ್ರಯೋಗಗೊಂಡಿತು. ಗೋವಿಂದರಾವ್ ಟೆಂಬೆಯವರು ಇದಕ್ಕೆ ಸಂಗೀತ ನೀಡಿದ್ದರು. ಸಿರಿವಂತಿಕೆಯ ಗರ್ವದಿಂದ ಬಡ ಸೈನಿಕನಾದ ಧೈರ್ಯಧರನನ್ನು ಅವಮಾನಿಸಿ, ಅನಂತರ ಅವನ ಗುಣವನ್ನು ಅರಿತು ಒಲಿಯುವ ಭಾಮಿನಿಯ ಪಾತ್ರವನ್ನು ಬಾಲಗಂಧರ್ವರು ವಹಿಸಿದ್ದರು.

ಪ್ರಯೋಗದ ದಿನವೇ ಅವರ ಚೊಚ್ಚಲ ಮಗಳು ತೀರಿಕೊಂಡಳು. ಆ ದುಃಖದ ನಡುವೆಯೂ ಬಾಲಗಂಧರ್ವರು ಪ್ರಯೋಗವನ್ನು ನಿಲ್ಲಿಸಲು ಒಪ್ಪಲಿಲ್ಲ. ಅಂದು ರಾತ್ರಿ ಭಾಮಿನಿಯ ವೇಷ ತೊಟ್ಟು, ನಗುತ್ತ, ಮುನಿಯುತ್ತ, ಹಾಡುತ್ತ ಇಡೀ ನಾಟಕವನ್ನು ನಡೆಸಿಕೊಟ್ಟರು. ನಾಟಕವು ಅಭೂತಪೂರ್ವ ಯಶಸ್ಸನ್ನು ಪಡೆಯಿತು. ಈ ಘಟನೆಯನ್ನು ಕಲಾನಿಷ್ಠೆಯ ಪರಮಾವಧಿಯೆಂದು ಕೊಂಡಾಡುವವರಿದ್ದಾರೆ. ತಂದೆಯೊಬ್ಬನಿಗೆ ಇಂತಹ ನಿರ್ಧಾರವು ಎಷ್ಟು ಕಠಿಣವಾಗಿದ್ದಿರಬೇಕೆಂಬುದನ್ನೂ ಇಲ್ಲಿ ಮರೆಯಲಾಗದು.

ಗಂಧರ್ವ ನಾಟಕ ಮಂಡಳಿಯ ಸ್ಥಾಪನೆ

1913ರಲ್ಲಿ ಬಾಲಗಂಧರ್ವರು ಗಣಪತರಾವ್ ಬೋಡಸ್ ಹಾಗೂ ಗೋವಿಂದರಾವ್ ಟೆಂಬೆಯವರೊಡನೆ ಕೂಡಿ ಗಂಧರ್ವ ನಾಟಕ ಮಂಡಳಿಯನ್ನು ಸ್ಥಾಪಿಸಿದರು. ಮಂಡಳಿಯು ಪ್ರಯೋಗಿಸಿದ ನಾಟಕಗಳಲ್ಲಿ ಎರಡು ವಿಶೇಷವಾಗಿ ಉಲ್ಲೇಖನೀಯವಾಗಿವೆ.

'ಸ್ವಯಂವರ' (1916): ಖಾಡಿಲಕರರ ಈ ನಾಟಕದಲ್ಲಿ ಬಾಲಗಂಧರ್ವರು ರುಕ್ಮಿಣಿಯ ಪಾತ್ರವನ್ನು ವಹಿಸಿದರು. ಇದಕ್ಕೆ ಸಂಗೀತ ಸಂಯೋಜಿಸಿದವರು ಅವರ ಗುರುಗಳಾದ ಪಂಡಿತ ಭಾಸ್ಕರಬುವಾ ಬಖಲೆಯವರು. ಬಖಲೆಯವರು ಧಾರವಾಡದಲ್ಲಿ ಸಂಗೀತ ಶಿಕ್ಷಕರಾಗಿ ಸೇವೆ ಸಲ್ಲಿಸಿದವರೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ಯಮನ್, ಬಿಹಾಗ್ ಮುಂತಾದ ರಾಗಗಳ ಬಂದಿಶ್‌ಗಳನ್ನು ಆಧರಿಸಿ ಅವರು ರಚಿಸಿದ ಧಾಟಿಗಳು, ಬೈಠಕ್‌ಗಳಿಗೆ ಸೀಮಿತವಾಗಿದ್ದ ಶಾಸ್ತ್ರೀಯ ಸಂಗೀತವನ್ನು ಸಾಮಾನ್ಯ ಪ್ರೇಕ್ಷಕನ ನಾಲಗೆಯ ಮೇಲೆ ನೆಲೆಗೊಳಿಸಿದವು.

'ಏಕಚ್ ಪ್ಯಾಲಾ' (1919): ರಾಮ ಗಣೇಶ ಗಡಕರಿಯವರ ಈ ನಾಟಕವು ಮದ್ಯಪಾನದಿಂದ ಒಂದು ಸಂಸಾರವು ಹಾಳಾಗುವ ಕಥೆಯನ್ನು ಹೇಳುತ್ತದೆ. ಗಡಕರಿಯವರು ನಾಟಕವನ್ನು ರಂಗದ ಮೇಲೆ ಕಾಣುವ ಮುನ್ನವೇ ಜನವರಿ 1919ರಲ್ಲಿ ನಿಧನರಾದರು. ಮುಂದಿನ ತಿಂಗಳು ಬಡೋದೆಯಲ್ಲಿ ಪ್ರಥಮ ಪ್ರಯೋಗವು ನಡೆಯಿತು. ಕುಡುಕನಾದ ವಕೀಲ ಸುಧಾಕರನ ಪಾತ್ರದಲ್ಲಿ ಬೋಡಸರೂ, ಅವನ ಹೆಂಡತಿ ಸಿಂಧುವಿನ ಪಾತ್ರದಲ್ಲಿ ಬಾಲಗಂಧರ್ವರೂ ಅಭಿನಯಿಸಿದರು. ಅದುವರೆಗೆ ಜರತಾರಿ ಸೀರೆಗಳಲ್ಲಿ ಮೆರೆದ ನಟನು ಇಲ್ಲಿ ತೇಪೆ ಹಾಕಿದ ಸೀರೆಯನ್ನುಟ್ಟು ಬೀಸುವ ಕಲ್ಲಿನ ಮುಂದೆ ಕುಳಿತಾಗ ಸಭಾಗೃಹವೇ ಕಣ್ಣೀರಿಡುತ್ತಿತ್ತು. ಒಡವೆಗಳ ವೈಭವವಿಲ್ಲದೆಯೂ ಪಾತ್ರವನ್ನು ನಿಲ್ಲಿಸಬಲ್ಲ ಅವರ ಅಭಿನಯ ಸಾಮರ್ಥ್ಯಕ್ಕೆ ಸಿಂಧುವೇ ಸಾಕ್ಷಿ.

ಗಾಯನ ಶೈಲಿ

ಬಾಲಗಂಧರ್ವರ ಗಾಯನದಲ್ಲಿ ಗಮನಿಸಬೇಕಾದ ಅಂಶಗಳು ಹೀಗಿವೆ:

1. ಶಬ್ದೋಚ್ಚಾರಣೆಯ ಸ್ಪಷ್ಟತೆ. ರಾಗವಿಸ್ತಾರಕ್ಕಾಗಿ ಅವರು ಮಾತಿನ ಅರ್ಥವನ್ನು ಎಂದೂ ಬಲಿಗೊಡುತ್ತಿರಲಿಲ್ಲ. ಪಾತ್ರದ ಭಾವವೇ ಹಾಡಿನ ನಡೆಯನ್ನು ನಿರ್ಧರಿಸುತ್ತಿತ್ತು.

2. ಲಯದ ಮೇಲಿನ ಹಿಡಿತ. ತಾಳದೊಡನೆ ಆಟವಾಡಿದಂತೆ ತೋರಿದರೂ ಸಮದ ಮೇಲೆ ಸಹಜವಾಗಿ ಬಂದು ನಿಲ್ಲುವುದು ಅವರ ವೈಶಿಷ್ಟ್ಯವಾಗಿತ್ತು.

3. ಮಿತವಾದ ತಾನ್‌ಗಳು. ಕಂಠಚಮತ್ಕಾರಕ್ಕಿಂತ ಸಣ್ಣ ಮುರ್ಕಿ, ಹರಕತ್ತುಗಳ ಮೂಲಕ ಭಾವವನ್ನು ಅರಳಿಸುವುದರ ಕಡೆಗೆ ಅವರ ಒಲವಿತ್ತು.

4. ಪಕ್ಕವಾದ್ಯಗಳ ಘನತೆ. ಆರ್ಗನ್ ಮತ್ತು ಸಾರಂಗಿಗಳ ಜೊತೆಗೂಡಿದ ನಾದವು ಗಂಧರ್ವ ಮಂಡಳಿಯ ಗುರುತಾಗಿತ್ತು. ತಬಲಾ ವಾದನದಲ್ಲಿ ಜಗದ್ವಿಖ್ಯಾತರಾದ ಉಸ್ತಾದ್ ಅಹ್ಮದ್‌ಜಾನ್ ತಿರಕವಾ ಅವರು ಹಲವು ವರ್ಷ ಈ ಮಂಡಳಿಯಲ್ಲಿ ಸಾಥ್ ನೀಡಿದ್ದರು.

ಪ್ರೇಕ್ಷಕರು 'ವನ್ಸ್ ಮೋರ್' ಎಂದು ಕೂಗಿದಾಗಲೆಲ್ಲ ಅವರು ಅದೇ ಹಾಡನ್ನು ಹೊಸ ಹೊಸ ರೀತಿಯಲ್ಲಿ ಹಾಡುತ್ತಿದ್ದುದರಿಂದ ನಾಟಕಗಳು ಬೆಳಗಿನ ಜಾವದವರೆಗೆ ನಡೆಯುತ್ತಿದ್ದವು. ಅಂದಿನ ಗ್ರಾಮೋಫೋನ್ ತಟ್ಟೆಗಳ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷದ ಹಾಡು ಮಾತ್ರ ಹಿಡಿಸುತ್ತಿತ್ತು. ಇಂದು ನಮಗೆ ಲಭ್ಯವಿರುವ ಅವರ ಧ್ವನಿಮುದ್ರಿಕೆಗಳು ರಂಗದ ಮೇಲಿನ ಗಾಯನದ ಸಾರಾಂಶ ಮಾತ್ರವೆಂಬುದನ್ನು ಕೇಳುಗರು ನೆನಪಿನಲ್ಲಿಡಬೇಕು.

ಸ್ತ್ರೀಪಾತ್ರ ನಿರ್ವಹಣೆ

ಬಾಲಗಂಧರ್ವರು ಸ್ತ್ರೀಯ ಬಾಹ್ಯ ಚರ್ಯೆಗಳ ಅನುಕರಣೆಗೆ ತೃಪ್ತರಾಗದೆ, ಆಯಾ ಪಾತ್ರದ ವಯಸ್ಸು, ಮನೆತನ, ಮನಃಸ್ಥಿತಿಗಳಿಗೆ ತಕ್ಕಂತೆ ನಡೆನುಡಿಗಳನ್ನು ರೂಪಿಸಿಕೊಳ್ಳುತ್ತಿದ್ದರು. ಅವರು ಸೀರೆಯುಡುವ ರೀತಿ, ಮುಡಿಗೆ ಹೂ ಮುಡಿಯುವ ಬಗೆ, ಆಭರಣಗಳ ಆಯ್ಕೆ ಇವುಗಳನ್ನು ಮಹಾರಾಷ್ಟ್ರದ ಮನೆಮನೆಗಳ ಹೆಣ್ಣುಮಕ್ಕಳು ಅನುಸರಿಸತೊಡಗಿದರು. ರಂಗವನ್ನೇರುವ ಹಕ್ಕಿಲ್ಲದ ಸ್ತ್ರೀಯರಿಗೆ ರಂಗದ ಮೇಲಿನ ಪುರುಷನೊಬ್ಬನು ಉಡುಗೆತೊಡುಗೆಯ ಮಾದರಿಯಾದದ್ದು ಆ ಕಾಲದ ಒಂದು ವಿಪರ್ಯಾಸವೇ ಸರಿ.

'ಸಂಯುಕ್ತ ಮಾನಾಪಮಾನ'

ಬಾಲಗಂಧರ್ವರ ಸಮಕಾಲೀನರಲ್ಲಿ ಅವರಷ್ಟೇ ಜನಪ್ರಿಯರಾಗಿದ್ದವರು ಕೇಶವರಾವ್ ಭೋಸಲೆಯವರು. ಭೋಸಲೆಯವರ ಲಲಿತಕಲಾದರ್ಶ ನಾಟಕ ಮಂಡಳಿಯು 1908ರಲ್ಲಿ ಸ್ಥಾಪನೆಯಾದದ್ದು ನಮ್ಮ ಹುಬ್ಬಳ್ಳಿಯಲ್ಲಿ. ಪರಸ್ಪರ ಸ್ಪರ್ಧಿಗಳಾಗಿದ್ದ ಈ ಇಬ್ಬರು ಮಹಾನಟರು ತಿಲಕ ಸ್ವರಾಜ್ಯ ನಿಧಿಯ ಸಹಾಯಾರ್ಥವಾಗಿ 8 ಜುಲೈ 1921ರಂದು ಮುಂಬಯಿಯಲ್ಲಿ ಒಂದೇ ರಂಗದ ಮೇಲೆ 'ಮಾನಾಪಮಾನ'ವನ್ನು ಆಡಿದರು. ಭೋಸಲೆಯವರು ಧೈರ್ಯಧರನಾಗಿಯೂ, ಬಾಲಗಂಧರ್ವರು ಭಾಮಿನಿಯಾಗಿಯೂ ಕಾಣಿಸಿಕೊಂಡ ಈ ಪ್ರಯೋಗವು 'ಸಂಯುಕ್ತ ಮಾನಾಪಮಾನ' ಎಂಬ ಹೆಸರಿನಿಂದ ರಂಗ ಇತಿಹಾಸದಲ್ಲಿ ಚಿರಸ್ಥಾಯಿಯಾಗಿದೆ. ಕೆಲವೇ ತಿಂಗಳ ನಂತರ, ಅಕ್ಟೋಬರ್ 1921ರಲ್ಲಿ, ಭೋಸಲೆಯವರು ಅಕಾಲಿಕ ಮರಣಕ್ಕೆ ತುತ್ತಾದುದರಿಂದ ಈ ಜೋಡಿಯನ್ನು ಬಹುಕಾಲ ನೋಡುವ ಭಾಗ್ಯವು ರಸಿಕರಿಗೆ ಲಭಿಸಲಿಲ್ಲ.

ವೈಭವ ಮತ್ತು ಸಾಲ

ರಂಗದ ಮೇಲೆ ತೋರುವ ಪ್ರತಿಯೊಂದು ವಸ್ತುವೂ ಅಸಲಿಯಾಗಿರಬೇಕೆಂಬುದು ಬಾಲಗಂಧರ್ವರ ನಿಲುವಾಗಿತ್ತು. ಬೆಲೆಬಾಳುವ ಸೀರೆಗಳು, ಆಭರಣಗಳು, ರತ್ನಗಂಬಳಿಗಳು, ಉತ್ತಮ ಅತ್ತರು ಇವುಗಳಿಗಾಗಿ ಅವರು ಲೆಕ್ಕವಿಡದೆ ವ್ಯಯಿಸಿದರು. 1920ರಲ್ಲಿ ರಂಗಕ್ಕೆ ಬಂದ 'ದ್ರೌಪದಿ' ನಾಟಕದ ದೃಶ್ಯಸಜ್ಜಿಕೆಗಳಿಗೆ ತಗುಲಿದ ವೆಚ್ಚವು ಮಂಡಳಿಯ ಶಕ್ತಿಯನ್ನು ಮೀರಿತ್ತು. ಕಲಾವಿದರು, ವಾದ್ಯಗಾರರು, ಅಡುಗೆಯವರು, ಪರದೆಯವರು ಎಂದು ನೂರಾರು ಜನರ ಅನ್ನ ವಸತಿಗಳ ಭಾರವೂ ಮಂಡಳಿಯ ಮೇಲಿತ್ತು. ಟಿಕೇಟಿನ ಉತ್ಪತ್ತಿ ಎಷ್ಟೇ ಹೆಚ್ಚಿದ್ದರೂ ಖರ್ಚು ಅದನ್ನು ಮೀರುತ್ತಿತ್ತು. 1920ರ ದಶಕದ ಆರಂಭದಲ್ಲಿ ಮಂಡಳಿಯು ಭಾರಿ ಸಾಲದ ಸುಳಿಗೆ ಸಿಲುಕಿತು.

ಬೋಡಸ್ ಮತ್ತು ಟೆಂಬೆಯವರು ಅಷ್ಟು ಹೊತ್ತಿಗೆ ಮಂಡಳಿಯಿಂದ ಹೊರನಡೆದಿದ್ದರು. ಬಾಲಗಂಧರ್ವರು ಸಾಲದ ಸಂಪೂರ್ಣ ಹೊಣೆಯನ್ನು ತಾವೇ ಹೊತ್ತರು. ವರ್ಷಗಟ್ಟಲೆ ಊರಿಂದೂರಿಗೆ ಸಂಚರಿಸಿ, ನಾಟಕಗಳನ್ನಾಡಿಯೇ ಅದನ್ನು ತೀರಿಸಿದರು. ಆದರೆ ವ್ಯವಹಾರಜ್ಞಾನದ ಕೊರತೆ ಮತ್ತು ವೈಭವದ ಮೋಹ ಇವೆರಡೂ ಅವರನ್ನು ಬಿಡಲಿಲ್ಲ. ಸಾಲವು ಪುನಃ ಬೆಳೆಯಿತು. ಪ್ರೇಕ್ಷಕನಿಗೆ ಶ್ರೇಷ್ಠವಾದುದನ್ನೇ ಕೊಡಬೇಕೆಂಬ ಹಂಬಲವು ಪ್ರಶಂಸನೀಯವಾದರೂ, ಒಂದು ಸಂಸ್ಥೆಯು ಬಾಳಬೇಕಾದರೆ ಲೆಕ್ಕಪತ್ರದ ಶಿಸ್ತೂ ಅಷ್ಟೇ ಅವಶ್ಯಕವೆಂಬುದನ್ನು ಅವರ ಅನುಭವವು ತೋರಿಸಿಕೊಟ್ಟಿದೆ.

ಬಖಲೆಯವರು 1922ರಲ್ಲಿ ನಿಧನರಾದ ನಂತರ ಅವರ ಶಿಷ್ಯರಾದ ಮಾಸ್ಟರ್ ಕೃಷ್ಣರಾವ್ ಅವರು ಮಂಡಳಿಯ ಸಂಗೀತದ ಹೊಣೆಯನ್ನು ವಹಿಸಿಕೊಂಡರು. 'ಮೇನಕಾ' (1926), 'ಕಾನ್ಹೋಪಾತ್ರಾ' (1931) ನಾಟಕಗಳು ಈ ಅವಧಿಯವು. ಸಂತ ಕವಯಿತ್ರಿ ಕಾನ್ಹೋಪಾತ್ರೆಯ ಪಾತ್ರದ ಮೂಲಕ ಭಕ್ತಿಗೀತೆಗಳ ಗಾಯನದಲ್ಲಿಯೂ ಬಾಲಗಂಧರ್ವರು ತಮ್ಮದೇ ಮುದ್ರೆಯನ್ನೊತ್ತಿದರು.

ವಾಕ್ಚಿತ್ರಗಳ ಆಗಮನ

1931ರಲ್ಲಿ ಭಾರತದ ಪ್ರಥಮ ವಾಕ್ಚಿತ್ರವು ತೆರೆಕಂಡಿತು. ಮರುವರ್ಷವೇ ಮರಾಠಿಯಲ್ಲಿಯೂ, 1934ರಲ್ಲಿ ಕನ್ನಡದಲ್ಲಿಯೂ ವಾಕ್ಚಿತ್ರಗಳು ಬಂದವು. ಕಡಿಮೆ ದರದಲ್ಲಿ ದಿನಕ್ಕೆ ಹಲವು ಆಟಗಳನ್ನು ತೋರಿಸುವ ಚಿತ್ರಮಂದಿರಗಳೆದುರು ನಾಟಕ ಕಂಪನಿಗಳು ನಿಲ್ಲಲಾರದೆ ಹೋದವು. ನಾಟಕಗೃಹಗಳೇ ಚಿತ್ರಮಂದಿರಗಳಾಗಿ ಮಾರ್ಪಟ್ಟವು. ಗಂಧರ್ವ ಮಂಡಳಿಯೂ ತನ್ನ ಚಟುವಟಿಕೆಗಳನ್ನು ನಿಲ್ಲಿಸಬೇಕಾಯಿತು.

ಬಾಲಗಂಧರ್ವರು ಪ್ರಭಾತ್ ಸಂಸ್ಥೆಯ ಸಹಯೋಗದಲ್ಲಿ, ವಿ. ಶಾಂತಾರಾಮ್ ಅವರ ನಿರ್ದೇಶನದ 'ಧರ್ಮಾತ್ಮಾ' (1935) ಚಿತ್ರದಲ್ಲಿ ಸಂತ ಏಕನಾಥರ ಪಾತ್ರವನ್ನು ವಹಿಸಿದರು. ಸ್ತ್ರೀಪಾತ್ರಗಳಿಂದ ಖ್ಯಾತರಾದವರು ಪುರುಷಪಾತ್ರದಲ್ಲಿ ಕಾಣಿಸಿಕೊಂಡದ್ದು ಪ್ರೇಕ್ಷಕರಿಗೆ ಹೊಸತಾಗಿತ್ತು. ಪ್ರೇಕ್ಷಕರ ಮುಖ ಕಾಣದ, 'ವನ್ಸ್ ಮೋರ್' ಕೇಳಿಸದ ಸ್ಟುಡಿಯೋ ವಾತಾವರಣವು ಅವರಿಗೆ ಹಿಡಿಸಲಿಲ್ಲ. ಆ ಸಹಯೋಗವು ಒಂದೇ ಚಿತ್ರಕ್ಕೆ ಮುಗಿಯಿತು. ಅವರು ಪುನಃ ನಾಟಕದ ಕಡೆಗೆ ಮುಖ ಮಾಡಿದರು.

ಗೋಹರ್ ಕರ್ನಾಟಕಿ

ಪುನರಾರಂಭಗೊಂಡ ಮಂಡಳಿಗೆ 1930ರ ದಶಕದ ಕೊನೆಯಲ್ಲಿ ಸೇರ್ಪಡೆಯಾದವರು ಗೋಹರ್ ಕರ್ನಾಟಕಿ. ಇವರು ಬೀಳಗಿಯವರು (ಅಂದಿನ ವಿಜಾಪುರ ಜಿಲ್ಲೆ, ಇಂದಿನ ಬಾಗಲಕೋಟೆ ಜಿಲ್ಲೆ). ಹಿಂದಿ ಚಿತ್ರರಂಗದಲ್ಲಿ ಗಾಯಕಿಯಾಗಿ, ನಟಿಯಾಗಿ ಹೆಸರಾದ ಅಮೀರಬಾಯಿ ಕರ್ನಾಟಕಿಯವರ ಸಹೋದರಿ. ಬಾಲಗಂಧರ್ವರ ಗಾಯನ ಶೈಲಿಯನ್ನು ಗೋಹರ್ ಅವರು ಎಷ್ಟು ಆಳವಾಗಿ ಮೈಗೂಡಿಸಿಕೊಂಡಿದ್ದರೆಂದರೆ, ಕಣ್ಣು ಮುಚ್ಚಿ ಕೇಳಿದವರಿಗೆ ಬಾಲಗಂಧರ್ವರೇ ಹಾಡುತ್ತಿರುವಂತೆ ಭಾಸವಾಗುತ್ತಿತ್ತು.

ಗೋಹರ್ ಅವರ ಆಗಮನದಿಂದ ಸ್ತ್ರೀಪಾತ್ರವನ್ನು ಸ್ತ್ರೀಯೇ ವಹಿಸುವ ಕಾಲವು ಗಂಧರ್ವ ಮಂಡಳಿಯಲ್ಲಿಯೂ ಉದಯಿಸಿತು. ಮುಂದೆ ಅವರು ಬಾಲಗಂಧರ್ವರ ಬಾಳಸಂಗಾತಿಯಾದರು. ಈ ಸಂಬಂಧವು ಅಂದಿನ ಸಮಾಜದಲ್ಲಿ ಟೀಕೆಗೆ ಗುರಿಯಾಯಿತು. ಮಂಡಳಿಯ ಕೆಲವು ಹಳೆಯ ಸಹವರ್ತಿಗಳು ದೂರವಾದರು. ಆದಾಗ್ಯೂ ಬಡತನ ಮತ್ತು ಅನಾರೋಗ್ಯದ ದಿನಗಳಲ್ಲಿ ಬಾಲಗಂಧರ್ವರಿಗೆ ಜೊತೆಯಾಗಿ ನಿಂತವರು ಗೋಹರ್ ಅವರೇ ಎಂಬುದನ್ನು ಗೌರವದಿಂದ ಸ್ಮರಿಸಬೇಕಾಗಿದೆ.

ಕೊನೆಯ ದಿನಗಳು

ವಯಸ್ಸು ಮೀರಿದ ಮೇಲೆಯೂ ಬಾಲಗಂಧರ್ವರು ರಂಗವನ್ನೇರುವುದನ್ನು ಬಿಡಲಿಲ್ಲ. ಅರವತ್ತು ದಾಟಿದ ಮೇಲೆ ಸಿಂಧುವಿನಂತಹ ಪಾತ್ರಗಳಲ್ಲಿ ಅವರನ್ನು ಕಂಡು, ಹಿಂದಿನ ವೈಭವವನ್ನು ಬಲ್ಲವರು ಮರುಗಿದ್ದುಂಟು. ಕಾಲುಗಳ ಶಕ್ತಿ ಕುಂದಿದ ಮೇಲೆ ಅವರು ಭಜನೆ ಮತ್ತು ಗಾಯನದ ಕಾರ್ಯಕ್ರಮಗಳನ್ನು ನೀಡುತ್ತ ಜೀವನ ಸಾಗಿಸಿದರು. ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ (1955) ಹಾಗೂ ಪದ್ಮಭೂಷಣ (1964) ಗೌರವಗಳು ಅವರಿಗೆ ಸಂದದ್ದು ಈ ಕಷ್ಟದ ದಿನಗಳಲ್ಲಿ. 15 ಜುಲೈ 1967ರಂದು ಪುಣೆಯಲ್ಲಿ ಅವರು ಕೊನೆಯುಸಿರೆಳೆದರು. ಮರುವರ್ಷ, 1968ರಲ್ಲಿ, ಪುಣೆಯಲ್ಲಿ ಬಾಲಗಂಧರ್ವ ರಂಗಮಂದಿರವು ಉದ್ಘಾಟನೆಯಾಯಿತು. ಅವರ ಜೀವನವನ್ನು ಆಧರಿಸಿದ 'ಬಾಲಗಂಧರ್ವ' ಎಂಬ ಮರಾಠಿ ಚಲನಚಿತ್ರವು 2011ರಲ್ಲಿ ಬಿಡುಗಡೆಯಾಯಿತು.

ಕನ್ನಡ ನಾಡಿನ ಗಾಯಕರು ಮತ್ತು ಗಂಧರ್ವ ಪರಂಪರೆ

ಧಾರವಾಡ ಜಿಲ್ಲೆಯ ಕುಂದಗೋಳದ ರಾಮಭಾವು ಅವರು (1886–1952) ಮರಾಠಿ ರಂಗಭೂಮಿಯಲ್ಲಿ ಸುಭದ್ರೆ ಮೊದಲಾದ ಪಾತ್ರಗಳನ್ನು ವಹಿಸಿ ಪಡೆದ ಬಿರುದು 'ಸವಾಯಿ ಗಂಧರ್ವ'. ಸವಾಯಿ ಎಂದರೆ ಒಂದೂಕಾಲು ಪಟ್ಟು. ಬಾಲಗಂಧರ್ವರು ಆ ಕಾಲದ ಅಳತೆಗೋಲಾಗಿದ್ದರೆಂಬುದನ್ನು ಈ ಬಿರುದೇ ಸಾರುತ್ತದೆ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಜನಿಸಿದ ಪಂಡಿತ ಕುಮಾರ ಗಂಧರ್ವರು (1924–1992) ಬಾಲಗಂಧರ್ವರ ರಂಗಗೀತೆಗಳನ್ನು ತಾವು ಅರಿತ ಬಗೆಯಲ್ಲಿ ಹಾಡಿ ತೋರಿಸುವ ಪ್ರತ್ಯೇಕ ಕಾರ್ಯಕ್ರಮವನ್ನೇ ರೂಪಿಸಿದರು. ಪಂಡಿತ ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿದ್ದವರು. ಉತ್ತರ ಕರ್ನಾಟಕದ ಹಿಂದೂಸ್ತಾನಿ ಸಂಗೀತದ ಸಿರಿಗೆ ನಾಟಕದ ರಂಗವೂ ಒಂದು ಪಾಠಶಾಲೆಯಾಗಿತ್ತೆಂಬುದು ಇದರಿಂದ ವಿದಿತವಾಗುತ್ತದೆ.

ಪ್ರಮುಖ ಪಾತ್ರಗಳು

ಶಾಕುಂತಲ: ಶಕುಂತಲೆ
ಸೌಭದ್ರ: ಸುಭದ್ರೆ
ಮೃಚ್ಛಕಟಿಕ: ವಸಂತಸೇನೆ
ಮಾನಾಪಮಾನ (1911): ಭಾಮಿನಿ
ಸ್ವಯಂವರ (1916): ರುಕ್ಮಿಣಿ
ಏಕಚ್ ಪ್ಯಾಲಾ (1919): ಸಿಂಧು
ದ್ರೌಪದಿ (1920): ದ್ರೌಪದಿ
ಕಾನ್ಹೋಪಾತ್ರಾ (1931): ಕಾನ್ಹೋಪಾತ್ರೆ

ಸಮಾರೋಪ

ಬಾಲಗಂಧರ್ವರು ತಮ್ಮ ಗಳಿಕೆಯನ್ನೆಲ್ಲ ರಂಗಕ್ಕೇ ಸುರಿದರು. ಅವರು ಬಿಟ್ಟುಹೋದದ್ದು ಆಸ್ತಿಯನ್ನಲ್ಲ, ಹಾಡುವ ಒಂದು ರೀತಿಯನ್ನು. ಶಾಸ್ತ್ರೀಯ ಸಂಗೀತವನ್ನು ಅದರ ಗೌರವಕ್ಕೆ ಕುಂದು ಬಾರದಂತೆ ಜನಸಾಮಾನ್ಯರ ಬಳಿಗೆ ಒಯ್ದದ್ದು ಅವರ ಶಾಶ್ವತವಾದ ಕೊಡುಗೆ. ಅದೇ ವೇಳೆಗೆ, ಜೀವಮಾನವಿಡೀ ಪ್ರೇಕ್ಷಕರನ್ನು ತಂದೆತಾಯಿಗಳೆಂದು ಕರೆದ ಕಲಾವಿದನು ವೃದ್ಧಾಪ್ಯವನ್ನು ಬಡತನದಲ್ಲಿ ಕಳೆಯಬೇಕಾಯಿತೆಂಬುದು ಸಮಾಜವು ಮರೆಯಬಾರದ ಪಾಠ. ನಮ್ಮ ನಾಡಿನ ವೃತ್ತಿ ರಂಗಭೂಮಿಯ ಹಿರಿಯ ಕಲಾವಿದರಲ್ಲಿಯೂ ಇಂತಹ ಬಾಳನ್ನು ಕಂಡವರು ಅನೇಕರು. ರಂಗಗೀತೆಗಳನ್ನು ಕೇಳಿ ಆನಂದಿಸುವುದರೊಂದಿಗೆ, ಅವುಗಳನ್ನು ಹಾಡಿದವರ ಬದುಕಿನ ಕಡೆಗೂ ಗಮನ ಹರಿಸುವುದು ರಸಿಕರೆಲ್ಲರ ಕರ್ತವ್ಯವಾಗಿದೆ.